ಕಲೆ ಮೇಲಿನದೋ, ಒಳಗಿನದೋ? ಹಲ್ಲಿನ ಬಣ್ಣದ ಫಿಲ್ಲಿಂಗ್ ಮತ್ತು ನಾವು ದಿನವೂ ಕುಡಿಯುವುದು

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಹಲ್ಲಿಗೆ ಹೊಸ ಫಿಲ್ಲಿಂಗ್ ಮಾಡಿಸಿಕೊಂಡವರು ಮೊದಲು ಕನ್ನಡಿ ನೋಡುತ್ತಾರೆ, ನಾಲಿಗೆಯಿಂದ ಸವರುತ್ತಾರೆ, ಆಮೇಲೆ ಕೇಳುತ್ತಾರೆ: “ಇನ್ನು ಕಾಫಿ ಬಿಡಬೇಕೇ ಡಾಕ್ಟರೇ?” ಬಿಡಬೇಕು ಎಂದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳುತ್ತೇವೆ ಎಂಬ ಭಾವ ಕೆಲವರ ಮುಖದಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡಬೇಕಾಗಿಲ್ಲ. ಆದರೆ ಫಿಲ್ಲಿಂಗ್ ಹೇಗೆ ಬಣ್ಣ ಹಿಡಿಯುತ್ತದೆ ಎಂದು ತಿಳಿದುಕೊಂಡರೆ ಅನಗತ್ಯ ಭಯವೂ ತಪ್ಪುತ್ತದೆ, ಅನಗತ್ಯ ಖರ್ಚೂ ತಪ್ಪುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ಲೋಟದಲ್ಲಿರುವುದು ಎಷ್ಟು ಕಪ್ಪಗಿದೆ ಎಂಬುದು ಅಷ್ಟು ಮುಖ್ಯವಲ್ಲ. ಅದರ ಬಣ್ಣ ಫಿಲ್ಲಿಂಗಿನ ಮೈಮೇಲೆ ಕೂರುವಂಥದ್ದೋ, ಒಳಕ್ಕೆ ಇಳಿಯುವಂಥದ್ದೋ ಎಂಬುದು ಮುಖ್ಯ. ಇಳಿಯುವ ದಾರಿ ಎಷ್ಟು ತೆರೆದುಕೊಂಡಿದೆ ಎಂಬುದು ಫಿಲ್ಲಿಂಗ್ ಮಾಡಿದವರ ಕೈಕೆಲಸಕ್ಕೆ ಸೇರಿದ ವಿಷಯ. ಬಣ್ಣ ಕೆಟ್ಟಾಗ ನಾವು ದಂತವೈದ್ಯರು ತಟ್ಟನೆ ರೋಗಿಯ ಕಾಫಿಯನ್ನು ದೂರುತ್ತೇವೆ. ಅದು ಸುಲಭ, ಕಾಫಿ ಮರುಮಾತಾಡುವುದಿಲ್ಲ.

ಈ ವಸ್ತು ಏನು ಎಂಬುದರಿಂದ ಆರಂಭಿಸೋಣ. ‘ಹಲ್ಲಿಗೆ ಸಿಮೆಂಟು ಹಾಕಿಸಿದೆ’ ಎನ್ನುತ್ತೇವಲ್ಲ, ಆ ಸಿಮೆಂಟು ಇಂದು ಬಹುಪಾಲು ಕಾಂಪೊಸಿಟ್, ಅಂದರೆ ಗಾಜಿನ ಪುಡಿ ಬೆರೆಸಿದ ಪ್ಲಾಸ್ಟಿಕ್. ಇದರ ಚರಿತ್ರೆ ಬಹಳ ಹಳೆಯದಲ್ಲ. 1955ರಲ್ಲಿ ಅಮೆರಿಕದ ರಾಚೆಸ್ಟರಿನ ಮೈಕಲ್ ಬುವೊನೊಕೋರ್ ಎಂಬ ದಂತವಿಜ್ಞಾನಿ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿ ತೊಳೆದರೆ ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟಾಗುತ್ತದೆ, ಅಂಥ ಮೇಲ್ಮೈಗೆ ಪ್ಲಾಸ್ಟಿಕ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. ಆಗ ಇದ್ದ ಪ್ಲಾಸ್ಟಿಕ್ ಕುಗ್ಗುತ್ತಿತ್ತು, ಸವೆಯುತ್ತಿತ್ತು, ಬೇಗ ಬಣ್ಣಗೆಡುತ್ತಿತ್ತು. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಫೆಲ್ ಬೋವನ್, ಹೊಸದೊಂದು ರಾಳ (ಗಟ್ಟಿಯಾದಾಗ ಪ್ಲಾಸ್ಟಿಕ್ ಆಗುವ ಅಂಟು ದ್ರವ) ತಯಾರಿಸಿ, ಅದರಲ್ಲಿ ಗಾಜಿನಂಥ ಖನಿಜದ ಪುಡಿಯನ್ನು ಸೇರಿಸಿ, 1962ರಲ್ಲಿ ಪೇಟೆಂಟ್ ಪಡೆದರು. ಆ ರಾಳದ ಹೆಸರು ಬಿಸ್-ಜಿಎಂಎ. ಅರುವತ್ತು ವರ್ಷ ಕಳೆದರೂ ಅನೇಕ ಫಿಲ್ಲಿಂಗ್‌ಗಳಲ್ಲಿ ಇಂದಿಗೂ ಅದೇ ಇದೆ.

ನಮ್ಮ ಹಿರಿಯರ ದವಡೆ ಹಲ್ಲುಗಳಲ್ಲಿ ಇರುವ ಬೆಳ್ಳಿ ಬಣ್ಣದ ಫಿಲ್ಲಿಂಗ್, ಅಂದರೆ ಅಮಾಲ್ಗಂ, ಕಾಫಿಗೆ ಹೆದರುವುದಿಲ್ಲ. ಅದು ಮೊದಲೇ ಕಪ್ಪು. ಆದರೆ ಅದರಲ್ಲಿ ಪಾದರಸವಿದೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದಿತು. ಅದಕ್ಕೂ ಮೊದಲೇ ಜನರ ಆಸೆ ಬಿಳಿಯ ಕಡೆಗೆ ತಿರುಗಿತ್ತು. ಬಿಳಿ ಬೇಕೆಂದಾಗ ಬಿಳಿಯ ಕಷ್ಟಗಳೂ ಜೊತೆಗೆ ಬರುತ್ತವೆ.

ಕಾಂಪೊಸಿಟ್‌ನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಜು ಅಥವಾ ಸಿಲಿಕಾ ಪುಡಿ, ಉಳಿದದ್ದು ರಾಳ. ಎರಡನ್ನೂ ಬೆಸೆಯಲು ಪುಡಿಯ ಪ್ರತಿ ಕಣಕ್ಕೂ ಸಿಲೇನ್ ಎಂಬ ರಾಸಾಯನಿಕದ ತೆಳು ಲೇಪ ಇರುತ್ತದೆ. ಗಾಜಿನ ಕಣ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಿಡಿಯುವುದು ರಾಳ, ಮತ್ತು ಕಣಕ್ಕೂ ರಾಳಕ್ಕೂ ನಡುವಿನ ಆ ಬೆಸುಗೆ ಸಡಿಲವಾದ ಜಾಗ.

ಅಡುಗೆಮನೆಯಲ್ಲಿ ಇದನ್ನು ನೀವೆಲ್ಲ ನೋಡಿದ್ದೀರಿ. ಹುಳಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರೆ ತೊಳೆದಾಗ ಬಣ್ಣ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಎಷ್ಟು ಉಜ್ಜಿದರೂ ಹಳದಿ ಉಳಿಯುತ್ತದೆ. ಹುಳಿ ಬಿಸಿಯಾಗಿದ್ದರೆ ಇನ್ನೂ ಹೆಚ್ಚು ಉಳಿಯುತ್ತದೆ. ಡಬ್ಬಿಯ ಒಳಮೈ ತಿಕ್ಕಿ ತಿಕ್ಕಿ ಗೀರಾಗಿದ್ದರಂತೂ ಕೇಳುವುದೇ ಬೇಡ. ಬಾಯಿಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಡಬ್ಬಿಗೆ ಇಲ್ಲದ ಒಂದು ತೊಡಕು ಫಿಲ್ಲಿಂಗಿಗೆ ಇದೆ. ಡಬ್ಬಿ ಕಾರ್ಖಾನೆಯಲ್ಲಿ ಪೂರ್ತಿ ಗಟ್ಟಿಯಾಗಿ ಬರುತ್ತದೆ. ಫಿಲ್ಲಿಂಗ್ ನಿಮ್ಮ ಬಾಯಿಯಲ್ಲಿ, ಕೆಲವು ಸೆಕೆಂಡುಗಳ ನೀಲಿ ಬೆಳಕಿನಲ್ಲಿ ಗಟ್ಟಿಯಾಗಬೇಕು. ಮೆದುವಾದ ಕಾಂಪೊಸಿಟ್‌ನಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಸುಮಾರು 470 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಅದು ಹೀರಿದಾಗ ರಾಳದ ಬಿಡಿ ಅಣುಗಳು ಒಂದಕ್ಕೊಂದು ಕೈಹಿಡಿದು ಸರಪಣಿಯಾಗುತ್ತವೆ. ಎಲ್ಲವೂ ಹಿಡಿಯುವುದಿಲ್ಲ. ಚೆನ್ನಾಗಿ ಬೆಳಕು ಬಿದ್ದರೂ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಪಾಲಿನಷ್ಟು ಬಂಧಗಳು ಮಾತ್ರ ಕೂಡಿಕೊಳ್ಳುತ್ತವೆ. ಕೂಡದೆ ಉಳಿದ ಕಡೆ ಸರಪಣಿಗಳ ನಡುವೆ ಸಡಿಲು ಇರುತ್ತದೆ, ನೀರು ಅಲ್ಲಿಗೆ ನುಗ್ಗುತ್ತದೆ. ರಾಳ ನೀರನ್ನು ಹೀರುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ, ಆದರೆ ಮೊದಲ ಕೆಲವು ವಾರ ಪ್ರತಿ ಫಿಲ್ಲಿಂಗೂ ಸದ್ದಿಲ್ಲದೆ ನೀರು ಹೀರುತ್ತಲೇ ಇರುತ್ತದೆ. ಬಣ್ಣ ಆ ನೀರನ್ನೇ ಏರಿ ಒಳಗೆ ಬರುತ್ತದೆ.

ಎಲ್ಲ ರಾಳವೂ ಒಂದೇ ಸಮನೆ ನೀರು ಹೀರುವುದಿಲ್ಲ. ಬಿಸ್-ಜಿಎಂಎ ಬಹಳ ಗಟ್ಟಿ, ಜೇನಿಗಿಂತ ಮಂದ. ಅದನ್ನು ತೆಳುಗೊಳಿಸಲು ಟೆಗ್‌ಡಿಎಂಎ ಎಂಬ ಇನ್ನೊಂದನ್ನು ಬೆರೆಸುತ್ತಾರೆ. ಅದು ನೀರನ್ನು ಪ್ರೀತಿಸುವ ಜಾತಿ, ಅದು ಹೆಚ್ಚಾದಷ್ಟೂ ಕಲೆಗೆ ಅನುಕೂಲ. ಯುಡಿಎಂಎ ಎಂಬ ಮೂರನೆಯ ರಾಳ ಈ ವಿಷಯದಲ್ಲಿ ಇವೆರಡಕ್ಕಿಂತ ಸಭ್ಯ. ಕೊಳ್ಳುವಾಗ ಡಬ್ಬದ ಮೇಲಿನ ಈ ಸಣ್ಣ ಅಕ್ಷರಗಳನ್ನು ನಮ್ಮವರು ಎಷ್ಟು ಮಂದಿ ಓದುತ್ತಾರೆ ಎಂಬುದನ್ನು ನಾನು ಇಲ್ಲಿ ಚರ್ಚಿಸುವುದಿಲ್ಲ.

ಇನ್ನು ಕಲೆಯ ಸಂಗತಿ. ಫಿಲ್ಲಿಂಗ್ ಮೂರು ಕಡೆ ಬಣ್ಣಗೆಡಬಹುದು: ಮೇಲ್ಮೈಯಲ್ಲಿ, ಹಲ್ಲಿಗೂ ಫಿಲ್ಲಿಂಗಿಗೂ ನಡುವಿನ ಅಂಚಿನಲ್ಲಿ, ಮತ್ತು ಒಡಲಿನಲ್ಲಿ. ಒಡಲಿನದಕ್ಕೆ ಯಾವ ಪಾನೀಯವೂ ಬೇಕಾಗಿಲ್ಲ. ಬೆಳಕಿನಿಂದ ಗಟ್ಟಿಯಾಗಲು ನೆರವಾಗುವ ಅಮೀನ್ ಎಂಬ ವಸ್ತು ವರ್ಷಗಳು ಕಳೆದಂತೆ ಆಮ್ಲಜನಕದೊಂದಿಗೆ ಕೂಡಿ ತಾನೇ ಹಳದಿಯಾಗುತ್ತದೆ. ಬರೀ ನೀರು ಕುಡಿದು ಬದುಕುವವರ ಫಿಲ್ಲಿಂಗೂ ಸ್ವಲ್ಪ ಹಳದಿಗೆ ತಿರುಗುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಪಾನೀಯಗಳ ಕುರಿತು ಪ್ರಪಂಚದಾದ್ಯಂತ ಅಸಂಖ್ಯ ಪ್ರಯೋಗಗಳು ನಡೆದಿವೆ. ನಮ್ಮ ದಂತವೈದ್ಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದು ಅಚ್ಚುಮೆಚ್ಚಿನ ವಿಷಯ, ಏಕೆಂದರೆ ಸಾಮಗ್ರಿ ಕ್ಯಾಂಟೀನಿನಲ್ಲೇ ಸಿಗುತ್ತದೆ. ಕಾಂಪೊಸಿಟ್‌ನಿಂದ ಗುಂಡಿಯಂಥ ಸಣ್ಣ ಬಿಲ್ಲೆಗಳನ್ನು ಮಾಡಿ, ಕಾಫಿ, ಟೀ, ಕೋಲಾಗಳಲ್ಲಿ ಮುಳುಗಿಸಿ, ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಇಡುತ್ತಾರೆ. ಮೊದಲೂ ಆಮೇಲೂ ಯಂತ್ರದಿಂದ ಬಣ್ಣ ಅಳೆಯುತ್ತಾರೆ. ಬಣ್ಣವನ್ನು ಮೂರು ಸಂಖ್ಯೆಗಳಾಗಿ ಹೇಳುವ ಪದ್ಧತಿಯನ್ನು ಅಂತಾರಾಷ್ಟ್ರೀಯ ಬೆಳಕಿನ ಆಯೋಗ 1976ರಲ್ಲಿ ರೂಪಿಸಿತು. ಕಪ್ಪು-ಬಿಳುಪಿಗೆ ಒಂದು ಸಂಖ್ಯೆ, ಕೆಂಪು-ಹಸಿರಿಗೆ ಒಂದು, ಹಳದಿ-ನೀಲಿಗೆ ಒಂದು. ಎರಡು ಬಣ್ಣಗಳ ನಡುವಿನ ಅಂತರಕ್ಕೆ ಡೆಲ್ಟಾ ಇ ಎಂದು ಹೆಸರು. ಈ ಅಂತರ 3.3 ಮೀರಿದರೆ ಫಿಲ್ಲಿಂಗ್ ಕಣ್ಣಿಗೆ ಒಪ್ಪುವುದಿಲ್ಲ ಎಂಬ ಗೆರೆಯನ್ನು ಬಹುಕಾಲ ಬಳಸುತ್ತಿದ್ದರು. 2015ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನ ಆ ಗೆರೆಯನ್ನು ಬಿಗಿಗೊಳಿಸಿತು. ಅದರ ಪ್ರಕಾರ 1.2ರಷ್ಟು ವ್ಯತ್ಯಾಸವನ್ನು ನೋಡುಗರಲ್ಲಿ ಅರ್ಧದಷ್ಟು ಜನ ಗುರುತಿಸುತ್ತಾರೆ, 2.7ರಷ್ಟಾದಾಗ ಅರ್ಧದಷ್ಟು ಜನಕ್ಕೆ ಅದು ಒಪ್ಪಿಗೆಯಾಗುವುದಿಲ್ಲ.

ಈ ಪ್ರಯೋಗಗಳ ಫಲಿತಾಂಶ ಓದುವಾಗ ಒಂದು ಲೆಕ್ಕ ನೆನಪಿರಲಿ. ಒಬ್ಬರು ದಿನಕ್ಕೆ ಸರಾಸರಿ 3.2 ಲೋಟ ಕುಡಿಯುತ್ತಾರೆ, ಒಂದೊಂದಕ್ಕೆ 15 ನಿಮಿಷ ಎಂದು ಹಿಡಿದರೆ ದಿನಕ್ಕೆ 48 ನಿಮಿಷವಾಯಿತು. ಹಾಗಾಗಿ 24 ಗಂಟೆ ಮುಳುಗಿಸಿಟ್ಟರೆ ಒಂದು ತಿಂಗಳು ಕುಡಿದಂತೆ ಎಂದು ಅನೇಕ ಪ್ರಬಂಧಗಳಲ್ಲಿ ಬರೆದಿರುತ್ತಾರೆ. ಗಣಿತ ಸರಿಯಾಗಿದೆ, ಬಾಯಿ ಮಾತ್ರ ಹಾಗಿಲ್ಲ. ಬಾಯಿಯಲ್ಲಿ ಜೊಲ್ಲು ಹರಿಯುತ್ತಿರುತ್ತದೆ, ನಾಲಿಗೆ ಸವರುತ್ತಿರುತ್ತದೆ, ಬೆಳಗ್ಗೆ ಬ್ರಷ್ ಆಡುತ್ತದೆ, ಕಾಫಿ ಹಲ್ಲನ್ನು ಸೋಕಿ ಗಂಟಲಿಗೆ ಇಳಿದುಹೋಗುತ್ತದೆ. ಹದಿನೈದು ನಿಮಿಷವೂ ಕಾಫಿಯನ್ನು ಬಾಯಲ್ಲೇ ಇಟ್ಟುಕೊಂಡು ಕೂರುವವರನ್ನು ನಾನು ಕಂಡಿಲ್ಲ. ಈ ಪ್ರಯೋಗಗಳಿಂದ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೋಲಿಸಬಹುದು. ‘ಒಂದು ತಿಂಗಳಲ್ಲಿ ಹಲ್ಲು ಕಂದು’ ಎಂಬ ತಲೆಬರಹಕ್ಕೆ ಅವು ಆಧಾರವಾಗುವುದಿಲ್ಲ.

ಈಗ ಟೀ ಮತ್ತು ಕಾಫಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇಡೀ ವಿಷಯದ ತಿರುಳು ಇಲ್ಲೇ ಇದೆ.

ಎರಡೂ ಕಂದು, ಎರಡನ್ನೂ ಬಿಸಿಯಾಗಿಯೇ ಕುಡಿಯುತ್ತೇವೆ. ಆದರೆ 1991ರಲ್ಲಿ ಊಮ್ ಮತ್ತು ರೂಯ್ಟರ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಇವೆರಡನ್ನೂ ಬೇರ್ಪಡಿಸಿ ತೋರಿಸಿತು. ರಾಳದ ವಸ್ತುಗಳ ಮೇಲೆ ಟೀ ಬಿಟ್ಟ ಬಣ್ಣ ಮುಖ್ಯವಾಗಿ ಮೇಲ್ಮೈಗೆ ಅಂಟಿಕೊಂಡಿತ್ತು, ಬ್ರಷ್‌ನಿಂದ ಉಜ್ಜಿದಾಗ ಅದು ಹೋಗುತ್ತಿತ್ತು. ಕಾಫಿಯ ಬಣ್ಣ ಮೇಲ್ಮೈಗೂ ಅಂಟಿತ್ತು, ಒಳಕ್ಕೂ ಇಳಿದಿತ್ತು. ಕಾರಣ ಬಣ್ಣದ ಅಣುಗಳ ಸ್ವಭಾವದಲ್ಲಿದೆ. ಟೀಯ ಹಳದಿ-ಕಂದು ಅಣುಗಳು ಧ್ರುವೀಯತೆ ಹೆಚ್ಚಿರುವಂಥವು, ಅಂದರೆ ನೀರಿನ ಸಹವಾಸವನ್ನು ಬಯಸುವಂಥವು, ರಾಳ ಅವಕ್ಕೆ ಅಷ್ಟು ಒಗ್ಗುವುದಿಲ್ಲ. ಕಾಫಿಯ ಹಳದಿ ಅಣುಗಳಲ್ಲಿ ಧ್ರುವೀಯತೆ ಕಡಿಮೆ ಇರುವವು ಹೆಚ್ಚು. ಅವಕ್ಕೆ ರಾಳ ಮನೆಯಂತೆ ಒಗ್ಗಿಹೋಗುತ್ತದೆ, ನಿಧಾನವಾಗಿ ಒಳಗೆ ಸರಿದು ಅಲ್ಲೇ ಉಳಿಯುತ್ತವೆ.

ಆದ್ದರಿಂದ ಟೀ ಕುಡಿಯುವವರ ಫಿಲ್ಲಿಂಗ್ ಕೆಲವೊಮ್ಮೆ ಕಾಫಿ ಕುಡಿಯುವವರದಕ್ಕಿಂತ ಗಾಢವಾಗಿ ಕಂದಾಗಿದ್ದರೂ ಪಾಲಿಶ್ ಮಾಡಿದ ಮೇಲೆ ಹೊಸದರಂತೆ ಹೊಳೆಯುತ್ತದೆ. ಕಾಫಿಯವರದು ಪಾಲಿಶ್‌ಗೆ ಅರ್ಧ ಒಪ್ಪುತ್ತದೆ, ಅರ್ಧ ಒಪ್ಪುವುದಿಲ್ಲ.

ಟೀಯ ಬಣ್ಣ ಬರುವುದು ಎಲೆ ಕಪ್ಪಾಗುವಾಗ ಹುಟ್ಟುವ ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಿಂದ. ಇವು ಟ್ಯಾನಿನ್ ಕುಟುಂಬದ ಸಂಯುಕ್ತಗಳು, ಹಲ್ಲಿನ ಮೇಲೆ ಸದಾ ಇರುವ ಜೊಲ್ಲಿನ ತೆಳು ಪೊರೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹಾಲು ಬೆರೆಸಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಅವನ್ನು ಲೋಟದಲ್ಲೇ ಹಿಡಿದುಹಾಕುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಿತ್ತ ಹಲ್ಲುಗಳ ಮೇಲೆ ಇದನ್ನು ಪರೀಕ್ಷಿಸಿ, ಹಾಲು ಹಾಕಿದ ಟೀ ಕಡಿಮೆ ಕಲೆ ಮಾಡುತ್ತದೆ ಎಂದು ತೋರಿಸಿದರು. ಅವರದು ನಿಜವಾದ ಹಲ್ಲು, ಫಿಲ್ಲಿಂಗ್ ಅಲ್ಲ. ಆದರೂ ಕರಿ ಚಹಾ, ಲಿಂಬು ಚಹಾಗಳಿಗೆ ಹೋಲಿಸಿದರೆ ನಮ್ಮ ಹಾಲಿನ ಚಹಾ ಸಾಧುವೆಂದು ನಂಬಲು ಅಡ್ಡಿಯಿಲ್ಲ. ಲಿಂಬು ಚಹಾದಲ್ಲಿ ಬಣ್ಣವೂ ಇದೆ, ಆಮ್ಲವೂ ಇದೆ, ಕೇಸಿನ್ ಮಾತ್ರ ಇಲ್ಲ. ಆರೋಗ್ಯಕ್ಕೆಂದು ಹಾಲು ಬಿಟ್ಟವರು ಇದನ್ನು ಗಮನಿಸಬಹುದು.

ಕಾಫಿಯ ಬಣ್ಣಕ್ಕೆ ಹುರಿಯುವಾಗ ಹುಟ್ಟುವ ಮೆಲನಾಯ್ಡಿನ್‌ಗಳು ಕಾರಣ. ನಮ್ಮ ಫಿಲ್ಟರ್ ಕಾಫಿಗೆ ಚಿಕೋರಿ ಬೇರೆ ಸೇರುತ್ತದೆ, ಡಿಕಾಕ್ಷನ್ ಇನ್ನಷ್ಟು ಕಪ್ಪಾಗುತ್ತದೆ. ಹಾಗೆಂದು ನೋಟಕ್ಕೆ ಹೆದರಬೇಡಿ. ನೋಟ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಕೋಲಾ ಇದೆ. ಅದು ಡಿಕಾಕ್ಷನ್‌ನಷ್ಟೇ ಕಪ್ಪು, ಆಮ್ಲೀಯತೆಯೂ ವಿಪರೀತ, ಪಿಎಚ್ ಸುಮಾರು 2.5 (ಈ ಅಳತೆ ಕಡಿಮೆಯಾದಷ್ಟೂ ಆಮ್ಲ ಹೆಚ್ಚು). ಬಿಲ್ಲೆಗಳನ್ನು ಮುಳುಗಿಸಿದ ಪ್ರಯೋಗಗಳಲ್ಲಿ ಅದು ಕಾಫಿ, ಟೀಗಳಷ್ಟು ಕಲೆ ಮಾಡುವುದಿಲ್ಲ ಎಂದೇ ಮತ್ತೆ ಮತ್ತೆ ಕಂಡುಬಂದಿದೆ. ಅದರ ಕಪ್ಪು ಕ್ಯಾರಮೆಲ್ ಬಣ್ಣ, ರಾಳಕ್ಕೆ ಇಳಿಯುವ ಹಳದಿ ಅಣುಗಳು ಅದರಲ್ಲಿ ಕಡಿಮೆ. ಕೋಲಾ ಮಾಡುವ ಹಾನಿ ಬೇರೆ. ಅದರ ಆಮ್ಲ ಮೇಲ್ಮೈಯನ್ನು ಮೆದುಗೊಳಿಸಿ ಒರಟು ಮಾಡುತ್ತದೆ, ಆಮೇಲೆ ಬರುವ ಕಾಫಿಗೆ ಜಾಗ ಸಿಗುತ್ತದೆ. ಪಕ್ಕದ ನಿಜವಾದ ಹಲ್ಲಿಗಂತೂ ಅದು ಇನ್ನೂ ಕೆಟ್ಟದ್ದು. ಪಿಎಚ್ 5.5ರ ಆಸುಪಾಸಿಗಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ.

ಪ್ರಯೋಗಗಳ ಪಟ್ಟಿಯಲ್ಲಿ ಹಲವು ಬಾರಿ ಮೊದಲ ಸ್ಥಾನದಲ್ಲಿ ಇರುವುದು ಕೆಂಪು ವೈನ್. ಅದರಲ್ಲಿ ಬಣ್ಣವಿದೆ, ಆಮ್ಲವಿದೆ, ಇವುಗಳ ಜೊತೆಗೆ ಆಲ್ಕೊಹಾಲ್ ಇದೆ. ಆಲ್ಕೊಹಾಲ್ ರಾಳದ ಸರಪಣಿಗಳ ನಡುವೆ ನುಗ್ಗಿ ಅದನ್ನು ಸಡಿಲಿಸುತ್ತದೆ. ಈ ಸಭೆಯಲ್ಲಿ ಅದರ ಬಗ್ಗೆ ಹೆಚ್ಚು ಹೇಳಿದರೆ ಯಾರೂ ತಮಗೆ ಸಂಬಂಧಿಸಿದ್ದೆಂದು ಒಪ್ಪಿಕೊಳ್ಳುವುದಿಲ್ಲ, ಮುಂದೆ ಹೋಗೋಣ.

ಕರಾವಳಿಯ ಪುನರ್ಪುಳಿ ಶರಬತ್ತನ್ನು ಹಲವರು ಕೇಳುತ್ತಾರೆ. ಅದರ ಕೆಂಪು ಆಂಥೋಸಯನಿನ್ ವರ್ಗದ ಬಣ್ಣ, ವೈನ್‌ನಲ್ಲಿರುವ ಬಣ್ಣಕ್ಕೆ ನೆಂಟ. ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು, ಆಲ್ಕೊಹಾಲ್‌ನ ನೆರವೂ ಇಲ್ಲ. ಹುಳಿ ಮಾತ್ರ ಗಟ್ಟಿಯಾಗಿಯೇ ಇದೆ. ಬೇಸಿಗೆಯ ಒಂದು ಲೋಟಕ್ಕೆ ಹೆದರುವುದು ಅನಗತ್ಯ. ದಿನವಿಡೀ ಬಾಟಲಿಯಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಹೀರುವ ಅಭ್ಯಾಸ ಕೆಟ್ಟದ್ದು, ಅದು ಯಾವ ಹುಳಿ ಪಾನೀಯಕ್ಕೂ ಅನ್ವಯಿಸುವ ಮಾತು.

ನಮ್ಮ ಮನೆಗಳಲ್ಲಿ ಇವೆಲ್ಲಕ್ಕಿಂತ ಬಲಿಷ್ಠವಾದದ್ದು ಅರಿಶಿನ. ಅದರ ಕರ್ಕ್ಯುಮಿನ್ ಸಣ್ಣ ಅಣು, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ರಾಳಕ್ಕೆ ಇಳಿಯಲು ಬೇಕಾದ ಅರ್ಹತೆಗಳೆಲ್ಲ ಅದಕ್ಕೆ ಹುಟ್ಟಿನಿಂದಲೇ ಬಂದಿವೆ. 2020ರಲ್ಲಿ ಆಯುಷ್ ಸಚಿವಾಲಯ 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಹಾಕಿ ದಿನಕ್ಕೆ ಒಂದೆರಡು ಬಾರಿ ಕುಡಿಯುವಂತೆ ಸಲಹೆ ಕೊಟ್ಟಿತ್ತು, ಮನೆಮನೆಯಲ್ಲೂ ಅದನ್ನು ಪಾಲಿಸಿದರು. ಬಿಸಿ, ಹಾಲಿನ ಕೊಬ್ಬು, ಕರ್ಕ್ಯುಮಿನ್ ಮೂರೂ ಒಟ್ಟಿಗಿರುವ ಲೋಟ ಅದು. ಕೇಸಿನ್ ಟೀಯಲ್ಲಿ ಮಾಡುವ ಉಪಕಾರವನ್ನು ಇಲ್ಲೂ ಮಾಡುತ್ತದೆಂದು ಭಾವಿಸಬಾರದು. ಒಂದೇ ಒಂದು ಸಮಾಧಾನವೆಂದರೆ ಕರ್ಕ್ಯುಮಿನ್‌ಗೆ ಬೆಳಕು ಆಗುವುದಿಲ್ಲ. ಬಟ್ಟೆಗೆ ಬಿದ್ದ ಅರಿಶಿನ ಬಿಸಿಲಿನಲ್ಲಿ ಒಣಗಿಸಿದರೆ ಮಾಸುವುದು ಇದರಿಂದಲೇ. ಬಾಯಿಯನ್ನು ಬಿಸಿಲಿಗೆ ಹಿಡಿದು ಕೂರಿ ಎಂದು ಯಾರಿಗೂ ಹೇಳಲಾರೆ.

ಪಾನೀಯವಲ್ಲದ ಎರಡು ದ್ರವಗಳನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅವುಗಳ ತಪ್ಪನ್ನು ಚಹಾದ ಮೇಲೆ ಹೊರಿಸುತ್ತೇವೆ. ಮೊದಲನೆಯದು ಒಸಡಿನ ತೊಂದರೆಗೆ ನಾವೇ ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಅದು ಟೀ-ಕಾಫಿಯ ಬಣ್ಣಗಳನ್ನು ಹಲ್ಲಿನ ಮೇಲೆ ಕಂದಾಗಿ ಗಟ್ಟಿ ಹಿಡಿಸುತ್ತದೆ. ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಬಳಸುವ ಹೊತ್ತಿಗೂ ಚಹಾದ ಹೊತ್ತಿಗೂ ಅಂತರವಿರಬೇಕು. ಎರಡನೆಯದು ದ್ರವರೂಪದ ಕಬ್ಬಿಣದ ಟಾನಿಕ್. ಕಬ್ಬಿಣ ಮತ್ತು ಟ್ಯಾನಿನ್ ಸೇರಿದರೆ ಕಪ್ಪು, ಹಿಂದಿನವರು ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಟಾನಿಕ್ ಕುಡಿದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು.

ಇಷ್ಟು ಹೊತ್ತು ಲೋಟದ ಕಡೆ ಬೆರಳು ತೋರಿಸಿದೆ. ಈಗ ನಮ್ಮ ಕಡೆಗೆ ಬರುತ್ತೇನೆ.

ಫಿಲ್ಲಿಂಗಿನ ಕೊನೆಯ ಪದರಕ್ಕೆ ಬೆಳಕು ಹಿಡಿಯುವಾಗ ಗಾಳಿಯಲ್ಲಿರುವ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಹಾಗಾಗಿ ಮೇಲಿನ ತೀರಾ ತೆಳುವಾದ ಪದರವೊಂದು ಅಂಟಂಟಾಗಿ ಉಳಿಯುತ್ತದೆ. ಪಾರದರ್ಶಕ ಪಟ್ಟಿಯನ್ನು ಒತ್ತಿಹಿಡಿದು ಬೆಳಕು ಹಾಯಿಸಿದರೆ ಗಾಳಿ ತಗಲುವುದಿಲ್ಲ, ಮೇಲ್ಮೈ ಗಾಜಿನಷ್ಟು ನುಣುಪಾಗಿ ಬರುತ್ತದೆ. ನೋಡಿದರೆ ಇನ್ನು ಪಾಲಿಶ್ ಏಕೆ ಎನಿಸುತ್ತದೆ. ವಿಚಿತ್ರವೆಂದರೆ ಹಾಗೆಯೇ ಬಿಟ್ಟ ಈ ಅತಿ ನುಣುಪಾದ ಮೇಲ್ಮೈಯೇ ಚೆನ್ನಾಗಿ ಪಾಲಿಶ್ ಮಾಡಿದ್ದಕ್ಕಿಂತ ಹೆಚ್ಚು ಕಲೆ ಹಿಡಿಯುತ್ತದೆ. ಪಟ್ಟಿಯನ್ನು ಒತ್ತಿದಾಗ ಗಾಜಿನ ಕಣಗಳು ಕೆಳಗೇ ಉಳಿದು ರಾಳ ಮೇಲೆ ಬಂದಿರುತ್ತದೆ. ಕಲೆ ಹಿಡಿಯುವುದು ರಾಳ ಎಂದು ಆಗಲೇ ಹೇಳಿದೆನಲ್ಲ. ಆ ಪದರವನ್ನು ಉಜ್ಜಿ ತೆಗೆದು, ಅಲ್ಯೂಮಿನಿಯಂ ಆಕ್ಸೈಡ್ ಬಿಲ್ಲೆಗಳಿಂದ ಒರಟಿನಿಂದ ನಯಕ್ಕೆ ಹಂತ ಹಂತವಾಗಿ ಬರಬೇಕು. ಮೇಲ್ಮೈಯ ಒರಟುತನ ಸರಾಸರಿ 0.2 ಮೈಕ್ರಾನ್ ಮೀರಿದರೆ ಹಲ್ಲಿನ ಪಾಚಿ ಹೆಚ್ಚು ಕೂಡಿಕೊಳ್ಳುತ್ತದೆ ಎಂಬುದು ದಂತವೈದ್ಯದಲ್ಲಿ ಬಳಕೆಯಲ್ಲಿರುವ ಗೆರೆ. ಪಾಚಿ ಕೂತಲ್ಲಿ ಬಣ್ಣವೂ ಕೂರುತ್ತದೆ.

ಈ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ಹೊರಗೆ ಕಾಯುತ್ತಿರುವವರ ಸಾಲು ಉದ್ದವಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಬೆಳಕಿನ ಯಂತ್ರದ ಕಥೆಯೂ ಅಷ್ಟೇ. ಹಳೆಯದಾದಂತೆ ಅದರ ಶಕ್ತಿ ಕುಂದುತ್ತದೆ, ತುದಿಗೆ ಒಣಗಿದ ಕಾಂಪೊಸಿಟ್ ಮೆತ್ತಿಕೊಂಡು ಬೆಳಕು ಇನ್ನೂ ಕಡಿಮೆಯಾಗುತ್ತದೆ. ಕಣ್ಣಿಗೆ ನೀಲಿಯಾಗಿ ಕಂಡರೆ ಸಾಕೆಂದು ಮುಂದುವರಿದರೆ ಮೇಲೆ ಗಟ್ಟಿ, ಕೆಳಗೆ ಮೆದು. ಒಮ್ಮೆಗೆ ಸುಮಾರು 2 ಮಿಲಿಮೀಟರಿಗಿಂತ ದಪ್ಪ ಪದರ ಹಾಕಬಾರದೆಂಬ ನಿಯಮ ಸಾಮಾನ್ಯ ಕಾಂಪೊಸಿಟ್‌ಗೆ ಇರುವುದು ಇದೇ ಕಾರಣಕ್ಕೆ. ನೀವು ಕುರ್ಚಿಯಲ್ಲಿ ಕೂತು ಇವನ್ನೆಲ್ಲ ಪರಿಶೀಲಿಸಲಾರಿರಿ. ಆದರೆ “ಪಾಲಿಶ್ ಆಯಿತೇ ಡಾಕ್ಟರೇ?” ಎಂದು ಕೇಳಬಹುದು. ಕೇಳಿದರೆ ನಮಗೆ ಬೇಸರವಾಗುವುದಿಲ್ಲ, ಬೇಸರವಾದರೂ ಪರವಾಗಿಲ್ಲ.

ಅಂಚಿನ ಕಂದು ಗೆರೆಯ ಬಗ್ಗೆ ನನಗೆ ಸ್ವಲ್ಪ ಸಿಟ್ಟೂ ಇದೆ. ಕಾಂಪೊಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು 2ರಿಂದ 3 ಶೇಕಡಾ ಕುಗ್ಗುತ್ತದೆ. ಕುಗ್ಗುವಾಗ ಹಲ್ಲಿನ ಗೋಡೆಯಿಂದ ಎಲ್ಲೋ ಒಂದೆಡೆ ಕೂದಲೆಳೆಗಿಂತ ಸಣ್ಣ ಬಿರುಕು ಬಿಡಬಹುದು. ಚಹಾ, ಕಾಫಿ ಅಲ್ಲಿ ಇಳಿದು ಒಂದೆರಡು ವರ್ಷದಲ್ಲಿ ಕಂದು ಗೆರೆ ಮೂಡುತ್ತದೆ. ಅದನ್ನು ಕಂಡು ‘ಒಳಗೆ ಹುಳುಕಾಗಿದೆ, ಪೂರ್ತಿ ತೆಗೆದು ಹೊಸದು ಹಾಕಬೇಕು’ ಎನ್ನುವವರಿದ್ದಾರೆ. ಬರೀ ಗೆರೆ ಇದ್ದ ಮಾತ್ರಕ್ಕೆ ಹುಳುಕೆಂದು ತೀರ್ಮಾನಿಸಬಾರದು. ಅಂಚು ಮೆದುವಾಗಿದೆಯೇ, ಕುಳಿ ಬಿದ್ದಿದೆಯೇ, ಎಕ್ಸ್‌ರೇಯಲ್ಲಿ ಏನಾದರೂ ಕಾಣುತ್ತದೆಯೇ ಎಂದು ನೋಡಬೇಕು. ಇಲ್ಲವಾದರೆ ಗೆರೆಯನ್ನು ಉಜ್ಜಿ ಪಾಲಿಶ್ ಮಾಡಿದರೆ, ಬೇಕಿದ್ದರೆ ಅಷ್ಟೇ ಜಾಗವನ್ನು ತಿದ್ದಿದರೆ ಸಾಕು. ಹಲ್ಲಿನ ಬಣ್ಣದ ಫಿಲ್ಲಿಂಗನ್ನು ಕೊರೆದು ತೆಗೆಯುವಾಗ ಅದು ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಎಂದು ಕಾಣುವುದೇ ಕಷ್ಟ. ಪ್ರತಿ ಸಲವೂ ಸ್ವಲ್ಪ ಒಳ್ಳೆಯ ಹಲ್ಲು ಹೋಗುತ್ತದೆ, ಗುಂಡಿ ದೊಡ್ಡದಾಗುತ್ತದೆ. ಮೂರ್ನಾಲ್ಕು ಬಾರಿ ಹೀಗಾದರೆ ಅದು ರೂಟ್ ಕೆನಾಲ್‌ಗೆ, ಕ್ಯಾಪ್‌ಗೆ ಮುಟ್ಟುತ್ತದೆ. ಕಲೆಗೆ ಹೆದರಿ ಹಲ್ಲನ್ನೇ ಕೊಟ್ಟಂತಾಯಿತು.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿ ಅಲ್ಲಿ ಅನೇಕ ಊರುಗಳಲ್ಲಿ ದಾಟಿದೆ. ಎಳವೆಯಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಅಂಥ ನೀರು ಕುಡಿದವರ ಎನಾಮೆಲ್ ಒಳಗೊಳಗೆ ರಂಧ್ರಮಯವಾಗುತ್ತದೆ. ಹಲ್ಲು ಮೂಡುವಾಗ ಸುಣ್ಣದಂತೆ ಬೆಳ್ಳಗಿದ್ದು, ವರ್ಷಗಳು ಕಳೆದಂತೆ ಆಹಾರ ಪಾನೀಯಗಳ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದಾಗುತ್ತದೆ. ಇಲ್ಲಿ ನಿಜವಾದ ಹಲ್ಲೇ ಫಿಲ್ಲಿಂಗಿನಂತೆ ಕಲೆ ಹಿಡಿಯುತ್ತದೆ. ಮದುವೆಗೆ ಮುಂಚೆ, ಸಂದರ್ಶನಕ್ಕೆ ಮುಂಚೆ ಯುವಕ ಯುವತಿಯರು ಬಂದು ಮುಂದಿನ ಆರೂ ಹಲ್ಲುಗಳಿಗೆ ಕಾಂಪೊಸಿಟ್ ಹೊದಿಕೆ ಹಾಕಿಸಿಕೊಳ್ಳುತ್ತಾರೆ. ಅಂದು ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದು ಹಲ್ಲಿನ ಇಡೀ ಮುಖವನ್ನು ಆವರಿಸಿದ ರಾಳ, ಕಾಫಿ ಟೀ ಸೋಕುವ ವಿಸ್ತೀರ್ಣ ಸಣ್ಣ ಫಿಲ್ಲಿಂಗಿಗಿಂತ ಎಷ್ಟೋ ಪಟ್ಟು ಹೆಚ್ಚು. ಇದನ್ನು ಮೊದಲೇ ಹೇಳದೆ ಹೊದಿಕೆ ಹಾಕುವುದು ಸರಿಯಲ್ಲ. ತೆಳುವಾದ ಕಂದು ಕಲೆಯಾದರೆ ಮೇಲ್ಪದರವನ್ನು ಆಮ್ಲ ಮತ್ತು ಸಣ್ಣ ಪುಡಿಯಿಂದ ಉಜ್ಜಿ ತೆಗೆಯುವ ಮೈಕ್ರೊಅಬ್ರೇಷನ್, ಅಗತ್ಯವಿದ್ದರೆ ಬ್ಲೀಚಿಂಗ್, ಇವನ್ನು ಮೊದಲು ಮಾಡಿ ನೋಡಬೇಕೆಂಬುದು ನನ್ನ ಮತ. ಹೊದಿಕೆ ಕೊನೆಗೆ ಇದ್ದೇ ಇದೆ.

ಮನೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಬೆಳಕು ಆರಿಸಿದ ಮೇಲೂ ರಾಳ ಒಳಗೊಳಗೆ ಇನ್ನೂ ಸುಮಾರು ಒಂದು ದಿನ ಗಟ್ಟಿಯಾಗುತ್ತಲೇ ಇರುತ್ತದೆ, ಆದ್ದರಿಂದ ಮೊದಲ ದಿನ, ಸಾಧ್ಯವಾದರೆ ಎರಡು ದಿನ, ಬಣ್ಣದ ಪಾನೀಯ ಮತ್ತು ಅರಿಶಿನದ ಅಡುಗೆಯನ್ನು ದೂರವಿಡಿ. ಮೊಸರನ್ನಕ್ಕೆ ಅದು ಒಳ್ಳೆಯ ನೆಪ. ಆಮೇಲೆ ಕಾಫಿ ಕುಡಿದ ಕೂಡಲೇ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ ನುಂಗಿ. ಬೂದಿ, ಉಪ್ಪು, ಇದ್ದಿಲಿನ ಪುಡಿಯಿಂದ ಉಜ್ಜಬೇಡಿ. ಈಗ ಬಣ್ಣದ ಟ್ಯೂಬಿನಲ್ಲಿ ಬರುವ ಚಾರ್ಕೋಲ್ ಪೇಸ್ಟ್‌ಗೂ ಇದೇ ಮಾತು. ಮೇಲಿನ ಕಲೆ ಹೋದಂತೆ ಕಾಣುತ್ತದೆ, ಗೀರು ಉಳಿಯುತ್ತದೆ, ಮುಂದಿನ ಕಲೆ ಇನ್ನೂ ಬೇಗ ಬರುತ್ತದೆ.

ಸಭಿಕರ ಪ್ರಶ್ನೆಗಳು

“ಬ್ಲೀಚಿಂಗ್ ಮಾಡಿಸಿದರೆ ಫಿಲ್ಲಿಂಗೂ ಬೆಳ್ಳಗಾಗುತ್ತದೆಯೇ?”

ಇಲ್ಲ. ಮೇಲ್ಮೈಯ ಕಲೆ ಸ್ವಲ್ಪ ಹೋಗಬಹುದು, ಕಾಂಪೊಸಿಟ್‌ನ ಮೂಲ ಬಣ್ಣ ಬದಲಾಗುವುದಿಲ್ಲ. ಹಲ್ಲು ಬೆಳ್ಳಗಾಗಿ ಫಿಲ್ಲಿಂಗ್ ಹಾಗೆಯೇ ಉಳಿದು, ಮೊದಲು ಕಾಣದಿದ್ದದ್ದು ಎದ್ದು ಕಾಣುತ್ತದೆ. ಎರಡೂ ಬೇಕಿದ್ದರೆ ಮೊದಲು ಬ್ಲೀಚಿಂಗ್ ಮಾಡಿಸಿ, ಒಂದೆರಡು ವಾರ ಬಿಟ್ಟು ಹೊಸ ಬಣ್ಣಕ್ಕೆ ಹೊಂದುವ ಫಿಲ್ಲಿಂಗ್ ಹಾಕಿಸಿ. ಬ್ಲೀಚಿಂಗ್ ಆದ ಕೂಡಲೇ ಹಾಕಿದರೆ ಹಲ್ಲಿನಲ್ಲಿ ಉಳಿದ ಆಮ್ಲಜನಕ ರಾಳ ಗಟ್ಟಿಯಾಗುವುದಕ್ಕೆ ಅಡ್ಡ ಬರುತ್ತದೆ.

“ಮಗುವಿನ ಹಲ್ಲಿಗೆ ಹಾಕಿದ ಬಿಳಿ ಸಿಮೆಂಟು ಕಾಂಪೊಸಿಟ್‌ಗಿಂತ ಬೇಗ ಮಂಕಾಯಿತು, ಏಕೆ?”

ಅದು ಬಹುಶಃ ಗ್ಲಾಸ್ ಅಯನೊಮರ್. 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ ಅದನ್ನು ಜಗತ್ತಿಗೆ ಪರಿಚಯಿಸಿದರು. ಹೆಸರಿಗೆ ತಕ್ಕ ನಿಜವಾದ ಸಿಮೆಂಟು ಅದೇ. ಆಮ್ಲಕ್ಕೆ ಬೇಗ ಸವೆಯುತ್ತದೆ, ನುಣುಪಾಗಿ ಉಳಿಯುವುದಿಲ್ಲ. ಆದರೆ ಫ್ಲೋರೈಡ್ ಬಿಡುತ್ತದೆ, ಸ್ವಲ್ಪ ತೇವವಿದ್ದರೂ ಹಲ್ಲಿಗೆ ಅಂಟುತ್ತದೆ, ಒಂದೇ ಕಡೆ ಸುಮ್ಮನೆ ಕೂರದ ಮಕ್ಕಳಿಗೆ ಅದು ಅನುಕೂಲ. ಬೀಳಲಿರುವ ಹಾಲುಹಲ್ಲಿನಲ್ಲಿ ಬಣ್ಣಕ್ಕಾಗಿ ಚಿಂತಿಸಬೇಡಿ.

“ಪಿಂಗಾಣಿ ಹಾಕಿಸಿದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ?”

ಪಿಂಗಾಣಿಯ ಮೆರುಗು ಕೆಡದಿರುವವರೆಗೆ ಕಾಫಿ ಅದಕ್ಕೆ ಏನೂ ಮಾಡಲಾರದು. ಆದರೆ ಖರ್ಚು ಹಲವು ಪಟ್ಟು ಹೆಚ್ಚು, ಅನೇಕ ಸಲ ಹಲ್ಲನ್ನು ಹೆಚ್ಚು ಕೊರೆಯಬೇಕು, ಮುರಿದರೆ ತಿದ್ದುವುದು ಕಷ್ಟ. ಸಣ್ಣ ಗುಂಡಿಗೆ ಪಿಂಗಾಣಿ ಬೇಡ. ಪಿಂಗಾಣಿಯನ್ನು ಹಲ್ಲಿಗೆ ಅಂಟಿಸುವ ವಸ್ತುವೂ ಹೆಚ್ಚಾಗಿ ರಾಳವೇ, ಅದರ ಅಂಚಿನಲ್ಲೂ ಕಂದು ಗೆರೆ ಬರಬಹುದು.

“ಆಗಾಗ ಪಾಲಿಶ್ ಮಾಡಿಸಿದರೆ ಫಿಲ್ಲಿಂಗ್ ಸವೆದುಹೋಗುವುದಿಲ್ಲವೇ?”

ಒಂದು ಪಾಲಿಶ್‌ನಲ್ಲಿ ಹೋಗುವುದು ಮೈಕ್ರಾನ್‌ಗಳ ಲೆಕ್ಕದಲ್ಲಿ, ಅದಕ್ಕೆ ಹೆದರಬೇಡಿ. ಹಾಗೆಂದು ಕ್ಯಾಲೆಂಡರ್ ನೋಡಿ ಮಾಡಿಸುವ ಕೆಲಸವೂ ಅದಲ್ಲ. ತಪಾಸಣೆಗೆ ಬಂದಾಗ ಮೇಲ್ಮೈ ಮಂಕಾಗಿದ್ದರೆ, ನಾಲಿಗೆಗೆ ಒರಟೆನಿಸುತ್ತಿದ್ದರೆ ಮಾಡಿಸಿ. ಪಾಲಿಶ್ ಮಾಡಿದ ಮೇಲೂ ಬಣ್ಣ ಉಳಿದರೆ ಅದು ಒಳಗಿನದು. ಆಗ ಫಿಲ್ಲಿಂಗ್ ಗಟ್ಟಿಯಾಗಿದ್ದು, ಹಿಂದಿನ ಹಲ್ಲಿನಲ್ಲಿದ್ದರೆ ಹಾಗೆಯೇ ಬಿಡಿ. ಮುಂದಿನ ಹಲ್ಲಾದರೆ ಮೇಲಿನ ಒಂದು ಪದರವನ್ನಷ್ಟೇ ತೆಗೆದು ಹೊಸ ಕಾಂಪೊಸಿಟ್ ಹಾಕಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಹಳಷ್ಟು ಸಲ ಹಾಕಬಹುದು.